ಹೂಂ, ಉಹೂಂ

“ಒಂದೂವರಿಗೆ ಮುಟ್ತೀಯೇನಪಾ? ತೌಹೀದಾ, ಒಂದೂವರಿಗೆ ಮುಟ್ತೀಯೇನು?” ದೇವಿಂದ್ರಪ್ಪ ಅಂಗಳದಲ್ಲಿ ನಿಂತು ಇಡೀ ರಾವೂರಿಗೆ ಕೇಳುವಂತೆ ಫೋನಿನಲ್ಲಿ ಕೂಗಿದರು. ಕೊರಕೊರ ಸದ್ದಿನ ನಡುವೆ ಒಂದು ದನಿ ಬಂದು ಲೈನು ಕಡಿದುಹೋಯಿತು.

“ಹೂಂ ಅಂದ. ಬರ್ತಾನ,” ಎಂದು ಫೋನನ್ನು ಸಾಯಿರಾಳ ಕೈಗಿಟ್ಟರು.

ಒಳಗೆ ಅವಳ ಅಪ್ಪ ಮಜೀದಸಾಬರಿಗೆ ಸ್ನಾನ ಮಾಡಿಸಿ ಬಿಳಿ ಬಟ್ಟೆ ಸುತ್ತಿ ಮಲಗಿಸಿದ್ದರು. ಮುಖವೊಂದನ್ನು ಇನ್ನೂ ಮುಚ್ಚಿರಲಿಲ್ಲ. ಒಂದೂವರೆಯ ನಮಾಜು ಮುಗಿದ ಕೂಡಲೇ ಮಣ್ಣಿಗೆ ಒಯ್ಯುವುದೆಂದು ಚಿಕ್ಕಪ್ಪ ಮುಕ್ರಮ ಬೆಳಿಗ್ಗೆಯೇ ಹೇಳಿದ್ದ. ಮುಕ್ರಮ ಹೇಳಿದನೆಂದರೆ ಮುಗಿಯಿತು, ಗಡಿಯಾರವೂ ಅವನ ಮಾತು ಕೇಳಬೇಕು.

ಸಾಯಿರಾಳ ತಮ್ಮ ತೌಹೀದ ಅಪ್ಪನ ಜತೆ ಮೂರು ವರ್ಷದಿಂದ ಮಾತು ಬಿಟ್ಟಿದ್ದ. ಸುದ್ದಿ ತಿಳಿದು ಹೈದರಾಬಾದಿನಲ್ಲಿ ಕೈಗೆ ಸಿಕ್ಕ ರೈಲು ಹತ್ತಿದ್ದ. “ಅಬ್ಬಾನ ಮಾರಿ ನೋಡೂತನಕ ಮಣ್ಣ ಕೊಡಬ್ಯಾಡ್ರಿ ಆಪಾ,” ಎಂದು ಅತ್ತಿದ್ದ.

“ಕಾಕಾ,” ಎಂದಳು ಸಾಯಿರಾ, “ಹೂಂ ಅಂದ್ನೋ, ಉಹೂಂ ಅಂದ್ನೋ?”

ದೇವಿಂದ್ರಪ್ಪನವರ ಮುಖ ಸಣ್ಣದಾಯಿತು. ಅವರ ಬಲಗೈಯಲ್ಲಿ ಎರಡು ಬೆರಳಿಲ್ಲ.

*

ಮಜೀದಸಾಬರು ಮೂವತ್ತು ವರ್ಷ ಸುಣ್ಣದಕಲ್ಲಿನ ಗಣಿಯಲ್ಲಿ ವಾಕಿಟಾಕಿ ಹಿಡಿದವರು. ಮದ್ದು ಸಿಡಿಸುವ ಮೊದಲು, ಕೆಳಗೆ ಯಾರೂ ಇಲ್ಲವೆಂದು ಕೇಳಿ ತಿಳಿದು ಸೈರನ್ ಕೂಗಿಸಬೇಕು. ಒಂದು ದಿನ “ಎಲ್ಲಾರೂ ಹೊರಗ ಬಂದೀರೇನು?” ಎಂದು ಕೇಳಿದರು. ಕೆಳಗಿದ್ದ ಗೆಳೆಯ ದೇವಿಂದ್ರಪ್ಪ “ಉಹೂಂ” ಎಂದರು. ಮೊದಲ ಅಕ್ಷರವನ್ನು ನುಂಗುವುದು ವಾಕಿಟಾಕಿಯ ಹುಟ್ಟುಗುಣ. ಮೇಲೆ ಕೇಳಿಸಿದ್ದು ಬರೀ “ಹೂಂ”. ಕಲ್ಲು ಹಾರಿದವು. ಬೆರಳು ಹೋದವು, ಪುಣ್ಯಕ್ಕೆ ಜೀವ ಉಳಿಯಿತು.

ಅಂದಿನಿಂದ ಮಜೀದಸಾಬರ ಗಣಿಯಲ್ಲಿ ಹೂಂ, ಉಹೂಂ ಎರಡೂ ಬಂದ್. ಎಲ್ಲರೂ ಹೊರಬಂದರೆ “ತೊಗರಿ”, ಯಾರಾದರೂ ಒಳಗಿದ್ದರೆ “ಉಪ್ಪಿನಕಾಯಿ”. ಹೀಗೆ ಎಂಟು ಮಾತು, ಅರ್ಧ ಕೇಳಿಸಿದರೂ ಒಂದು ಇನ್ನೊಂದರಂತೆ ಕೇಳದಂಥವು. ಗೆಳೆಯರು ಅದನ್ನು ಮಜೀದಸಾಬನ ಕಿರಾಣಿ ಅಂಗಡಿ ಎಂದು ನಕ್ಕರು. ನಗುತ್ತಲೇ ಸಂಜೆ ಜೀವಂತ ಮನೆಗೆ ಹೋದರು.

ಸಾಯಿರಾ ಕಲಬುರಗಿಯಲ್ಲಿ ಸಂಶೋಧನೆಗೆ ಸೇರಿದ್ದೂ ಇಂಥದೇ ವಿಷಯಕ್ಕೆ. ಗಾಳಿಯಲ್ಲಿ ಬರುವಾಗ ಕೆಟ್ಟುಹೋದ ಸಂದೇಶವನ್ನು ಫೋನು ತಾನೇ ಸರಿಪಡಿಸಿಕೊಳ್ಳಬೇಕು. ಅವಳ ಸಂಕೇತದಲ್ಲಿ ಸೊನ್ನೆ, ಒಂದು ಎಂಬ ಎರಡೇ ಗುರುತಲ್ಲ, ಅರವತ್ನಾಲ್ಕು ಗುರುತು. ಒಂದೊಂದು ಗುರುತಿಗೂ ಅರವತ್ನಾಲ್ಕನ್ನೂ ತೂಗಿ ನೋಡುವಷ್ಟರಲ್ಲಿ ಫೋನು ಬಿಸಿಯಾಗಿ ಬ್ಯಾಟರಿ ಮುಗಿಯುತ್ತದೆ. ಆ ದುಡಿಮೆಯನ್ನು ಇಳಿಸುವುದು ಹೇಗೆಂದು ಅವಳು ತಲೆ ಕೆಡಿಸಿಕೊಂಡಿದ್ದಾಗ ಮಜೀದಸಾಬರು ಚಹಾ ಊದುತ್ತ ಅಂದಿದ್ದರು:

“ಅಷ್ಟೂ ಯಾಕ ನೋಡ್ತಿ? ಆಗೂವಂಥಾವು ಎರಡು ಮೂರು ಇಟ್ಕೊ, ಉಳದದ್ದು ಬಿಡು. ಆದ್ರ ಒಂದೇ ಇಟ್ಕೋಬ್ಯಾಡ ಬೇಟಿ. ಒಂದೇ ಇಟ್ಕೊಂಡು ನಾ ದೇವಿಂದ್ರಪ್ಪನ ಬೆರಳು ಕಳದೀನಿ.”

ಅವಳ ಪ್ರಬಂಧದ ಮೂರನೆಯ ಅಧ್ಯಾಯ ಪೂರ್ತಿ ಈ ಮಾತಿನ ಮೇಲೆ ನಿಂತಿದೆ.

*

ಹನ್ನೆರಡೂ ಇಪ್ಪತ್ತು. ಸಾಯಿರಾ ಮತ್ತೆ ಫೋನು ಹಚ್ಚಿದಳು. “ಯಾವ ಸ್ಟೇಷನ್ನಾಗ ಇದ್ದಿ?” ಕೊರಕೊರ ಸದ್ದಿನಲ್ಲಿ ಒಂದು “ಡ” ಮಾತ್ರ ಕೇಳಿಸಿತು.

ಆ ದಾರಿಯಲ್ಲಿ “ಡ” ಇಲ್ಲದ ಊರು ಹುಡುಕುವುದೇ ಕಷ್ಟ. ತಾಂಡೂರು, ಸೇಡಂ, ಮಳಖೇಡ, ವಾಡಿ. ಮೊಬೈಲಿನಲ್ಲಿ ನೋಡಿದರೆ ಆಗ ಎರಡೇ ರೈಲು ಈ ಕಡೆ ಬರುತ್ತಿದ್ದವು. ಒಂದು ಸೇಡಂನಲ್ಲಿ ನಿಂತಿತ್ತು, ಇನ್ನೊಂದು ತಾಂಡೂರಿನಲ್ಲಿ. ಅವಳು ಉಳಿದ ಎರಡು ಊರನ್ನು ಬಿಟ್ಟಳು.

“ಸೇಡಂ ಇರಬೇಕು,” ಎಂದ ಮುಕ್ರಮ. “ಹೂಂ ಅಂದಾನಲ್ಲ, ಟೈಮಿಗೆ ಬರ್ತಾನ. ಬರಲಿಲ್ಲಂದ್ರ ಅವನ ನಸೀಬ. ಸತ್ತವರ ಮಯ್ಯತ್ ಕಾಯಿಸಬಾರ್ದು.”

“ಒಂದ ನಿಮಿಷ ತಡೀರಿ ಚಾಚಾ.”

ಸೇಡಂ ಆದರೆ ಒಂದೂಕಾಲಿಗೆ ಮನೆ ಮುಟ್ಟುತ್ತಾನೆ. ತಾಂಡೂರಾದರೆ ಎರಡು ಗಂಟೆಯ ಹತ್ತಿರ ಬರುತ್ತಾನೆ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅವಳು ಮತ್ತೆ ಫೋನು ಹಚ್ಚಿದಳು. ಈ ಸಲ ಯೋಚಿಸಿ ಕೇಳಿದಳು: “ತೌಹೀದಾ, ಹೊರಗ ಅಂಗಡಿ ಬೋರ್ಡು ಯಾವ ಭಾಷಾದಾಗ ಅದಾವ?”

ಸೇಡಂ ಆದರೆ ಕನ್ನಡ, ಗಡಿಯಾಚೆಯ ತಾಂಡೂರಾದರೆ ತೆಲುಗು; ಯಾವ ಅರ್ಧ ಕಡಿದರೂ ಉಳಿದರ್ಧ ಸುಳ್ಳು ಹೇಳುವುದಿಲ್ಲ.

“...ಲುಗು,” ಎಂದಿತು ಫೋನು. ಆಮೇಲೆ ಸ್ವಿಚ್ ಆಫ್.

“ತಾಂಡೂರದಾಗ ಅದಾನ,” ಎಂದಳು. “ಅಂವ ಉಹೂಂ ಅಂದಾನ ಕಾಕಾ.”

ದೇವಿಂದ್ರಪ್ಪ ಮುಕ್ರಮನ ಎದುರಿಗೆ ಹೋಗಿ ನಿಂತರು. “ತಪ್ಪು ನಂದು. ಹಾಂಗ ಕೇಳಬಾರ್ದಿತ್ತು. ನಿಮ್ಮಣ್ಣ ಅದೊಂದು ಹೂಂನ ಸಲುವಾಗಿ ಇಪ್ಪತ್ತು ವರ್ಷ ನನ್ನ ಮುಂದ ತಲಿ ತಗ್ಗಿಸಿದ. ಇವತ್ತ ಅವನ ಮಗನ ಮುಂದ ನಾ ತಗ್ಗಿಸಾಂಗ ಮಾಡಬ್ಯಾಡ್ರಿ.”

“ಶಹಾಬಾದದಿಂದ ಬಂದ ಮಂದಿ ಹೋಗಬೇಕು ಅನ್ನಾಕತ್ತಾರ,” ಎಂದ ಮುಕ್ರಮ.

“ಹೋಗೋರು ಹೋಗ್ಲಿ ಚಾಚಾ,” ಎಂದು ಸಾಯಿರಾ ಹೊಸ್ತಿಲಿಗೆ ಅಡ್ಡ ಬಂದಳು. “ಅಬ್ಬಾನ ಮಾರಿ ಮುಚ್ಚಾಕ ನಾ ಬಿಡಾಂಗಿಲ್ಲ.”

ಮುಕ್ರಮ ಅವಳನ್ನು ದುರುಗುಟ್ಟಿ ನೋಡಿದ. “ಎರಡು ಗಂಟಿ. ಮುಂದ ಒಂದು ನಿಮಿಷ ಇಲ್ಲ.”

ಒಂದೂವರೆಯ ನಮಾಜಾಯಿತು. ಕೆಲವರು ಬಸ್ಸಿಗೆ ಹೋದರು. ಅಪ್ಪನನ್ನು ಮಲಗಿಸಿದ ಜನಾಜಾದ ಮಂಚ ಅಂಗಳಕ್ಕೆ ಬಂತು, ಮುಖ ಇನ್ನೂ ತೆರೆದೇ ಇತ್ತು. ಎರಡಕ್ಕೆ ಐದು ನಿಮಿಷವಿರುವಾಗ ಬಾಗಿಲಲ್ಲಿ ಆಟೋ ನಿಂತಿತು. ಸಿಮೆಂಟಿನ ಧೂಳು ಮೆತ್ತಿದ ಕಾಲು, ಬರಿದಲೆ. ತೌಹೀದ ಅಪ್ಪನ ಮುಖದ ಹತ್ತಿರ ಕುಸಿದು ಕುಳಿತ. ತಾಯಿ ಅಖ್ತರ ಬೇಗಂ ಒಳಗಿನಿಂದ ಬಂದು ಅವನ ಕೈ ಹಿಡಿದು ಅಪ್ಪನ ಹಣೆಯ ಮೇಲಿಟ್ಟಳು. ಯಾರೂ ಅವಸರ ಮಾಡಲಿಲ್ಲ. ಎರಡು ದಾಟಿದ್ದನ್ನು ಯಾರೂ ಹೇಳಲೂ ಇಲ್ಲ.

ಹೊರಡುವಾಗ ಜನಾಜಾದ ಮುಂದಿನ ಹೆಗಲು ಮುಕ್ರಮನದಾಗಿತ್ತು. ಅವನು ತನ್ನ ಟೋಪಿ ತೆಗೆದು ತೌಹೀದನ ತಲೆಗೆ ಇಟ್ಟ. ತನ್ನ ತಲೆಗೆ ಕರವಸ್ತ್ರ ಕಟ್ಟಿಕೊಂಡು, ಹುಡುಗನ ತೋಳು ಹಿಡಿದು ಮುಂದಿನ ತನ್ನ ಜಾಗಕ್ಕೆ ನಿಲ್ಲಿಸಿ, ತಾನು ಹಿಂದೆ ಸರಿದು ದೇವಿಂದ್ರಪ್ಪನವರ ಪಕ್ಕದಲ್ಲಿ ನಡೆಯತೊಡಗಿದ.