ಬಾವಿಗಿಳಿದ ಸರ್ವರಿ ಬೇಗಂ

ತಿಪಟೂರಿನ ತಮ್ಮ ಮೋಟಾರ್ ರಿಪೇರಿ ಅಂಗಡಿಗೆ ಐವತ್ತು ವರ್ಷ ತುಂಬಿದಾಗ ಉಮರ್ ಫಾರೂಖ್ ಅವರಿಗೆ ಮನೆತನದ ಚರಿತ್ರೆಯನ್ನು ಪುಸ್ತಕ ಮಾಡಿಸುವ ಹಂಬಲ ಹತ್ತಿತು. ಮನೆಯ ಚಿಕ್ಕವರಿಗೆ ಉರ್ದು ಓದಲು ಬರುವುದಿಲ್ಲ, ಕನ್ನಡದಲ್ಲೇ ಇರಲಿ ಎಂದರು. ಬರೆಯುವ ಕೆಲಸ ಅವರ ಅಕ್ಕನ ಮಗಳು ನಾಹಿದಾಳ ತಲೆಗೆ ಬಂತು. ಅವಳು ತುರುವೇಕೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಡಂ. ಮನೆಯಲ್ಲಿ ಯಾರಿಗೆ ಅರ್ಜಿ ಬೇಕಾದರೂ ಬರೆದುಕೊಡುತ್ತಿದ್ದವಳು ಅವಳೇ.

ನಾಹಿದಾ ಒಪ್ಪಿಕೊಂಡದ್ದು ಒಬ್ಬರಿಗಾಗಿ. ತಾಯಿಯ ತಾಯಿ ಸರ್ವರಿ ಬೇಗಂ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಅವರ ವಿಷಯ ಎಲ್ಲಿಯೂ ಒಂದಕ್ಷರ ಇರಲಿಲ್ಲ.

ಅಂಗಡಿ ಇಟ್ಟವರು ಅಜ್ಜ ನೂರ್ ಅಹಮದ್. ತೆಂಗಿನ ತೋಟಗಳ ಪಂಪಿನ ಮೋಟಾರ್ ಸುಟ್ಟುಹೋದರೆ ಕರಕಲಾದ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅವರ ಕಸುಬು. ಅಂಗಡಿಯ ಹಿಂದೆಯೇ ಮನೆ. ಕೆಲಸ ಹೆಚ್ಚಾದಾಗ ಸರ್ವರಿ ಬೇಗಂ ಪರದೆಯ ಹಿಂದೆ ಕೂತು ತಂತಿ ಸುತ್ತಿಕೊಡುತ್ತಿದ್ದರು. ೧೯೮೪ರಲ್ಲಿ ಓಡುವ ಯಂತ್ರದ ಬೆಲ್ಟಿಗೆ ಸಿಕ್ಕಿ ನೂರ್ ಅಹಮದರ ಬಲಗೈಯ ಮೂರು ಬೆರಳು ಹೋದವು. ಆಸ್ಪತ್ರೆಯಿಂದ ಬಂದವರೇ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಸರ್ವರಿ ಬೇಗಂ ಒಂದು ವಾರ ನೋಡಿದರು. ಎಂಟನೆಯ ದಿನ ಪರದೆ ಸರಿಸಿ, ಅಂಗಡಿಯ ಮುಂಭಾಗಕ್ಕೆ ಬಂದು ಕೂತರು.

ಊರು ಸುಮ್ಮನಿರಲಿಲ್ಲ. ನೂರ್ ಅಹಮದರ ಅಣ್ಣ ಬಂದು, ನಮ್ಮ ಮನೆ ಹೆಂಗಸು ಬೀದಿಗೆ ಬೀಳುವುದು ಬೇಡ ಎಂದು ಅಂಗಡಿಗೆ ಬೀಗ ಜಡಿದರು. ಸರ್ವರಿ ಬೇಗಂ ಜಗಳಕ್ಕೆ ಹೋಗಲಿಲ್ಲ. ರೈತನೊಬ್ಬ ತಂದಿಟ್ಟಿದ್ದ ಮೋಟಾರನ್ನು ಹೊರಗಿನ ಮೆಟ್ಟಿಲ ಮೇಲೆಯೇ ಬಿಚ್ಚಿ ಹರಡಿಕೊಂಡು, ಹೋಗಿಬರುವವರ ಕಣ್ಣೆದುರಿಗೇ ಸುತ್ತತೊಡಗಿದರು. ಒಳಗಿದ್ದರೆ ನಾಲ್ಕು ಜನ ನೋಡುತ್ತಿದ್ದರು; ಈಗ ಸಂತೆಗೆ ಬಂದವರೆಲ್ಲ ನೋಡಿದರು. ಮೂರನೆಯ ದಿನ ಭಾವ ತಾವೇ ಬಂದು ಬೀಗ ತೆಗೆದರು.

ಇಷ್ಟು ನಾಹಿದಾಳಿಗೆ ತಾಯಿ ಹೇಳಿ ಗೊತ್ತಿತ್ತು. ಹೊರಗಿನವರ ಬಾಯಿಂದಲೂ ಕೇಳಬೇಕೆಂದು ಅವಳು ಬಿಳಿಗೆರೆಗೆ ಹೋದಳು. ಅಲ್ಲಿ ಅಂಗಡಿಯ ಹಳೆಯ ಗಿರಾಕಿ ಸದಾಶಿವಯ್ಯನವರ ತೋಟ. ವಯಸ್ಸು ಎಂಬತ್ತು ದಾಟಿದ್ದರೂ ಅವರು ಅಂಗಳದಲ್ಲಿ ಕೂತು ಕಾಯಿ ಸುಲಿಸುತ್ತಿದ್ದರು.

"ಬೇಗಮ್ಮನ ಮೊಮ್ಮಗಳಾ? ಕೂತ್ಕೊಳವ್ವ," ಎಂದರು. "ನಿಮ್ಮಜ್ಜಿ ಅಂಗಡೀಲಿ ಕುಂತ ವರ್ಸ ಬೇಸಿಗೇಲಿ ಮುನ್ನೂರು ಸಸಿ ಒಣಗ್ತಾ ಇದ್ವು. ಮೋಟಾರು ಬಾವಿ ಒಳಗಿನ ಕಟ್ಟೆ ಮ್ಯಾಲೆ ಕುಂತಿತ್ತು. ಬೋಲ್ಟು ತುಕ್ಕು ಹಿಡಿದು ಅಲ್ಲಾಡ್ತಿರಲಿಲ್ಲ. ಮೇಲಕ್ಕೆ ತರೋಕಾಗಲ್ಲ ಅಂತ ನಿಮ್ಮಜ್ಜಿಗೆ ಹೇಳ್ದೆ. ತರೋಕಾಗದಿದ್ರೆ ನಾನೇ ಬತ್ತೀನಿ ಬುಡಿ ಅಂತು ಆಯಮ್ಮ. ಗಾಡಿ ಕಟ್ಕೊಂಡು ಕರ್ಕೊಬಂದೆ."

"ಯಾರೂ ಏನೂ ಅನ್ನಲಿಲ್ವಾ?"

"ಅನ್ನದೆ ಇರ್ತಾರಾ? ನಮ್ಮವ್ವ ಹೊಂಬಾಳಮ್ಮನೇ ಅಡ್ಡ ನಿಂತಳು. ಹೆಂಗ್ಸು ಬಾವಿಗಿಳಿದ್ರೆ ನೀರು ಬತ್ತೋಯ್ತದೆ ಅಂದಳು. ನಿಮ್ಮಜ್ಜಿ ಏನಂದ್ರು ಗೊತ್ತಾ? 'ಇರೋ ನೀರು ಮೇಲಕ್ಕೆ ಬರ್ತಿಲ್ಲ ಅಂತ ತಾನೇ ಅಮ್ಮ ನನ್ನ ಕರೆಸಿದ್ದು? ಇಲ್ಲಿಂದ ನೋಡುದ್ರೆ ಅದು ಬರಲ್ಲ.' ಬುರ್ಖಾನ ಸೊಂಟಕ್ಕೆ ಸಿಗಿಸ್ಕೊಂಡು, ಸ್ಪ್ಯಾನರ್ ಹಲ್ಲಲ್ಲಿ ಕಚ್ಕೊಂಡು, ಗೋಡೇಲಿ ಚಾಚಿಕೊಂಡಿದ್ದ ಕಲ್ಲು ಹಿಡ್ಕೊಂಡು ಇಳಿದೇಬಿಟ್ರು ಕಣವ್ವ. ನಾನು ಗಂಡಸು, ನಂಗೇ ಆ ಕಲ್ಲುಗಳ ಮ್ಯಾಲೆ ಕಾಲು ನಡುಗ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕೆಳಗಿಂದ ಕೂಗಿದ್ರು, ಸ್ವಿಚ್ ಒತ್ತಿ ಅಂತ. ನೀರು ಬಂತು. ಇಗೋ, ಇವೆಲ್ಲ ಆ ಸಸಿಗಳೇ."

ನಾಹಿದಾ ತಲೆಯೆತ್ತಿ ನೋಡಿದಳು. ನಲವತ್ತು ವರ್ಷದ ಮರಗಳು, ಗೊನೆ ಗೊನೆ ಕಾಯಿ ಹೊತ್ತು ನಿಂತಿದ್ದವು.

"ನಿಮ್ಮ ತಾಯಿ?"

"ನಮ್ಮವ್ವನಾ? ಆವತ್ತಿಂದ ಮೋಟಾರು ಕೆಟ್ರೆ, ಬೇರೆ ಯಾರೂ ಬೇಡ ಕಣ್ಲಾ, ಬೇಗಮ್ಮನೇ ಬರಲಿ ಅನ್ನೋಳು."

ನಾಹಿದಾ ಮೂರು ಪುಟ ಬರೆದು ಮಾವನಿಗೆ ಕೊಟ್ಟಳು. ಉಮರ್ ಫಾರೂಖ್ ಓದಿದರು, ಮಡಚಿದರು, ವಾಪಸ್ ಕೊಟ್ಟರು.

"ಇದು ಬೇಡ. ಅಮ್ಮಿ ಒಳ್ಳೆ ಗೃಹಿಣಿ, ನಮಾಜ್ ತಪ್ಪಿಸ್ತಿರಲಿಲ್ಲ ಅಂತ ಬರಿ. ಸಾಕು."

"ಇದರಲ್ಲಿ ಸುಳ್ಳೇನಿದೆ ಮಾಮೂ?"

"ಸುಳ್ಳು ಅಂದೆನಾ? ಅಬ್ಬಾ ಹೆಂಡತಿ ದುಡಿಮೆ ತಿಂದ್ರು ಅಂತ ಜನ ಓದಬೇಕಾ?" ಅವರ ಧ್ವನಿ ಒರಟಾಯಿತು. "ನಂಗಾಗ ಹನ್ನೆರಡು ವರ್ಷ. ನಿಮ್ಮಪ್ಪ ಪರದೆ ಒಳಗೆ, ನಿಮ್ಮಮ್ಮ ಬೀದೀಲಿ ಅಂತ ಸ್ಕೂಲಲ್ಲಿ ದಿನಾ ಅನ್ನೋರು. ಅದನ್ನ ಕೇಳಿದೋನು ನಾನು, ನೀನಲ್ಲ."

ಮಾವನ ಮುಖ ನೋಡಿ ನಾಹಿದಾಳಿಗೆ ಕನಿಕರವಾಯಿತು. ಆದರೂ ಅವಳು ಮಣಿಯಲಿಲ್ಲ. "ಅವರು ಬೀದೀಲಿ ಕೂತಿದ್ದಕ್ಕೇ ನೀವು ಸ್ಕೂಲಲ್ಲಿ ಕೂತಿದ್ರಿ," ಎಂದಳು. "ನಾಚಿಕೆ ಪಡಬೇಕಾದ್ದು ಹಾಗೆ ಅಂದೋರು."

ಪುಸ್ತಕ ಅಚ್ಚಾಗಿ ಬಂತು. ನೂರ್ ಅಹಮದರಿಗೆ ಹನ್ನೊಂದು ಪುಟ. ಸರ್ವರಿ ಬೇಗಂ ಅವರಿಗೆ ಒಂದು ಸಾಲು: ಆದರ್ಶ ಗೃಹಿಣಿ.

ಅಂಗಡಿಯ ಐವತ್ತರ ಸಮಾರಂಭದಲ್ಲಿ ಪುಸ್ತಕ ಹಂಚುವುದಿತ್ತು. ಆ ದಿನ ಬೆಳಿಗ್ಗೆ ನಾಹಿದಾ ತನ್ನ ಮೂರು ಪುಟಗಳ ಜೆರಾಕ್ಸ್ ಕಟ್ಟು ತಂದು, ಪುಸ್ತಕ ಇಟ್ಟಿದ್ದ ಕೋಣೆಯಲ್ಲಿ ಕೂತು ಒಂದೊಂದಕ್ಕೂ ಅಂಟಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಮಾವನ ಮಗಳು ಫರ್ಹಾ ಬಂದಳು. ನೋಡಿದಳು. ಇನ್ನೊಂದು ಗೋಂದಿನ ಬಾಟಲಿ ಹುಡುಕಿಕೊಂಡು ಬಂದು ಎದುರಿಗೆ ಕೂತಳು.

ಅರ್ಧ ಮುಗಿಯುವಷ್ಟರಲ್ಲಿ ಉಮರ್ ಫಾರೂಖ್ ಬಾಗಿಲಲ್ಲಿ ನಿಂತಿದ್ದರು.

"ಕಿತ್ತು ಹಾಕಿ ಅದನ್ನೆಲ್ಲ."

"ನಾನು ಕೀಳಲ್ಲ," ಎಂದಳು ನಾಹಿದಾ, ಕೈ ನಿಲ್ಲಿಸದೆ. "ನಿಮ್ಮಮ್ಮನ ಪುಟ. ನೀವೇ ಕೀಳಿ."

ಅವರು ಮಗಳ ಕಡೆ ನೋಡಿದರು. ಫರ್ಹಾ ತಲೆಯೆತ್ತಲಿಲ್ಲ, ಗೋಂದು ಸವರುವುದನ್ನೂ ಬಿಡಲಿಲ್ಲ. ಅವರು ಒಂದು ಪುಸ್ತಕ ಎತ್ತಿಕೊಂಡರು, ಅಂಟಿಸಿದ ಹಾಳೆಯ ಅಂಚನ್ನು ಹಿಡಿದರು, ಆಮೇಲೆ ಬಿಟ್ಟರು. ಅತಿಥಿಗಳು ಬಂದರೆಂದು ಯಾರೋ ಕರೆದಾಗ ಹೊರಟುಹೋದರು.

ಭಾಷಣದಲ್ಲಿ ಅವರು ಅಬ್ಬಾನ ಹೆಸರನ್ನಷ್ಟೇ ಹೇಳಿ ಕೂತರು. ಯಾರೂ ಕರೆಯದಿದ್ದರೂ ನಾಹಿದಾ ಎದ್ದು ಹೋಗಿ ಮೈಕ್ ಹಿಡಿದಳು. ಮೂರು ಪುಟವನ್ನೂ ಓದಿದಳು. ಬಾವಿಯ ಭಾಗ ಬಂದಾಗ ಅತಿಥಿಗಳ ನಡುವಿದ್ದ ಸದಾಶಿವಯ್ಯ ಕೂತಲ್ಲಿಂದಲೇ, "ನಿಜ ಕಣ್ರೀ, ನಾನೇ ಕಂಡಿದ್ದೀನಿ," ಎಂದರು. ಉಮರ್ ಫಾರೂಖ್ ಪೂರ್ತಿ ಹೊತ್ತು ತಮ್ಮ ಅಂಗೈಗಳನ್ನೇ ನೋಡುತ್ತಿದ್ದರು.

ಆಮೇಲೆ ತಿಂಗಳುಗಟ್ಟಲೆ ಅವರು ಅವಳೊಡನೆ ಮಾತಾಡಲಿಲ್ಲ. ರಂಜಾನ್ ಹಬ್ಬಕ್ಕೆ ಯಾರೂ ಕರೆಯದಿದ್ದರೂ ನಾಹಿದಾ ಮಾವನ ಮನೆಗೆ ಹೋದಳು. ಅವಳು ಕ್ಷಮೆ ಕೇಳಲಿಲ್ಲ, ಅವರೂ ಕೇಳಲಿಲ್ಲ. ಫರ್ಹಾ ಬಟ್ಟಲಲ್ಲಿ ಶಾವಿಗೆ ಖೀರು ತಂದಿಟ್ಟಳು. ನಾಹಿದಾ ಅರ್ಧ ತಿಂದಾದ ಮೇಲೆ ಉಮರ್ ಫಾರೂಖ್ ಗೋಡೆಗೆ ಹೇಳುವಂತೆ ಹೇಳಿದರು:

"ಪುಸ್ತಕ ಇನ್ನೊಂದು ಸಲ ಅಚ್ಚು ಹಾಕಿಸ್ತೀನಿ. ಆ ಪುಟ ಇರಲ್ಲ."

"ಹಾಕಿಸಿ ಮಾಮೂ. ನಾನು ಮತ್ತೆ ಅಂಟಿಸ್ತೀನಿ," ಎಂದು ನಾಹಿದಾ ಇನ್ನಷ್ಟು ಖೀರಿಗೆ ಬಟ್ಟಲು ಮುಂದೆ ಚಾಚಿದಳು.