ಬೆಳೆದು ಬಾ ಎಂದು ಎಸೆದ ಹಲ್ಲು

ಫರ್ಮನ್ ಡ್ಯಾಂಜ್ಲರ್‌ನ ಬಾಯಲ್ಲಿ ಸ್ವಂತದ್ದು ಅಂತ ಉಳಿದಿದ್ದ ಹಲ್ಲು ಒಂಬತ್ತು. ಕೂಪರ್ ನದಿಯ ತಳದಿಂದ ಅವನು ಹೆಕ್ಕಿ ತಂದ ಶಾರ್ಕ್ ಹಲ್ಲುಗಳು ಎಷ್ಟು ಸಾವಿರವೋ ಅವನಿಗೇ ಗೊತ್ತಿಲ್ಲ. ಆ ಜಾಗ ಇನ್ನೂ ಸಮುದ್ರವಾಗಿದ್ದ ಹಳೇ ಕಾಲದವು, ಎಲ್ಲ ಕಲ್ಲಾಗಿ ಹೋದವು. ಅವನ ಮನೆಯ ಕಿಟಕಿ, ಸೋಪಿನ ತಟ್ಟೆ, ಸೋಫಾದ ಸಂದು, ಎಲ್ಲಿ ಕೈ ಹಾಕಿದರೂ ಒಂದು ಚುಚ್ಚುತ್ತದೆ. ಆದರೂ ಎಪ್ಪತ್ತೊಂದರ ಈ ಮುದುಕ ಇಪ್ಪತ್ತಾರು ವರ್ಷದಿಂದ ಒಂದೇ ಒಂದು ಹಲ್ಲಿಗಾಗಿ ಹಲ್ಲು ಕಚ್ಚಿಕೊಂಡು ಮುಳುಗುತ್ತಿದ್ದ. ಆರಿಂಚಿನದು.

ಆರಿಂಚು ಯಾಕೆ ಅಂದರೆ ಹಲಗೆ. ನಮ್ಮ ದೋಣಿಗಳೆಲ್ಲ ಬಂದು ನಿಲ್ಲುವ ದಕ್ಕೆಯ ಮೇಲೆ ಮಿಸ್ ಯೂಲಲೀ ವಿಗ್‌ಫಾಲ್‌ಳ ಅಂಗಡಿ ಇದೆ. ಐಸು, ಗಾಳಕ್ಕೆ ಸಿಗಡಿ, ಬೇಯಿಸಿದ ಶೇಂಗಾ ಮಾರುತ್ತಾಳೆ. ಗಲ್ಲೆಯ ಹಿಂದೆ ಸೈಪ್ರೆಸ್ ಮರದ ಹಲಗೆ ನೇತುಹಾಕಿದ್ದಾಳೆ. ಆರಿಂಚು ಅಥವಾ ಅದಕ್ಕಿಂತ ಉದ್ದದ ಹಲ್ಲನ್ನು ಯಾರು ತಮ್ಮ ಕೈಯಾರೆ ನದಿಯಿಂದ ಎತ್ತಿ ತರುತ್ತಾರೋ, ಅವರ ಹೆಸರನ್ನು ಕಾಯಿಸಿದ ಕಬ್ಬಿಣದ ಸರಳಿನಿಂದ ಅದರ ಮೇಲೆ ಸುಟ್ಟು ಬರೆಯುತ್ತಾಳೆ. ಇಷ್ಟು ವರ್ಷದಲ್ಲಿ ಏಳೇ ಹೆಸರು. ಅದರಲ್ಲಿ ಮೂರನೆಯದು ಮಾರ್ವೆಲ್ ಡ್ಯಾಂಜ್ಲರ್. ಫರ್ಮನ್‌ನ ಹೆಂಡತಿ. ಅವಳು ಮುಳುಗಿದ್ದೇ ಒಂದು ಬೇಸಿಗೆ. ಹನ್ನೊಂದನೇ ಸಲಕ್ಕೆ ಆರೂಕಾಲು ಇಂಚಿನದನ್ನು ಹಿಡಿದು ಮೇಲೆ ಬಂದು, "ಕೆಳಗೆ ಬಹಳ ತಣ್ಣಗಿದೆ, ನನಗೆ ಸಾಕು" ಅಂದು ಮುಗಿಸಿಬಿಟ್ಟಳು. ಗಂಡನಿಗೆ ಅವತ್ತಿನಿಂದ ಅನ್ನ ಹೊಟ್ಟೆಗೆ ಇಳಿದಿದೆ, ಆದರೆ ರುಚಿಸಿಲ್ಲ.

ನಾನು ಅವರ ದೋಣಿ ನೋಡಿಕೊಳ್ಳುವವನು. ನೀರಿಗಿಳಿಯುವವರಲ್ಲಿ ಡಿಗ್ರಿ ಮಾಡಿದವನು ನಾನೊಬ್ಬನೇ ಆದ್ದರಿಂದ ಎಲ್ಲರೂ ಕಾಲೇಜು ಅಂತಲೇ ಕರೆಯುತ್ತಾರೆ. ಡಿಗ್ರಿಯಿಂದ ಏನೂ ಉಪಯೋಗವಾಗಲಿಲ್ಲ. ಕಾಲೇಜಿನಲ್ಲಿ ನಿಜವಾಗಿ ಕಲಿತದ್ದು ಮೇಷ್ಟರುಗಳ ಧ್ವನಿ ಅನುಕರಿಸುವುದನ್ನು. ಅದು ಮಾತ್ರ ದಿನಾ ಉಪಯೋಗಕ್ಕೆ ಬರುತ್ತಿದೆ.

ಕಳೆದ ಸೆಪ್ಟೆಂಬರಿನಲ್ಲಿ ಫರ್ಮನ್‌ಗೆ ಫರ್ಮಾನು ಹೊರಟಿತು. ಹೊರಡಿಸಿದ್ದು ಕಿವಿ ಡಾಕ್ಟರು. ಅವರದು ಹೆಣದ ಮುಂದೆ ನಿಂತು ಮಾತಾಡುವಂಥ ಮೆತ್ತನೆಯ ಧ್ವನಿ. "ಮಿಸ್ಟರ್ ಡ್ಯಾಂಜ್ಲರ್... ನಿಮ್ಮ ಕಿವಿಯ ತಮಟೆ... ಹರಿದ ಕಿಟಕಿ ಪರದೆ ಥರ ಆಗಿದೆ... ಸೋಮವಾರ ಆಪರೇಷನ್... ಆಮೇಲೆ ತಲೆ ನೀರೊಳಗೆ ಹೋಗಕೂಡದು... ಯಾವತ್ತೂ."

ಇದನ್ನು ನಾನು ದಕ್ಕೆಯ ಮೇಲೆ ನಾಲ್ಕು ಸಲ ಮಾಡಿ ತೋರಿಸಿದೆ. ನಾಲ್ಕನೇ ಸಲ ಫರ್ಮನ್ ಕೂಡ ನಕ್ಕ. ನಕ್ಕು, "ಸೋಮವಾರ ತಾನೆ? ಮಧ್ಯೆ ಶನಿವಾರ ಇದೆ" ಅಂದ.

"ಇವನ ಕಿವಿಗೆ ಕಿವಿಮಾತು ಹೇಳಿ ಪ್ರಯೋಜನ ಇಲ್ಲ" ಅಂದೆ ನಾನು.

ಮಾರ್ವೆಲ್ ಶೇಂಗಾ ಸುಲಿಯುತ್ತಾ ಒಪ್ಪಂದ ಮಾಡಿದಳು. "ಶನಿವಾರ ಎರಡು ಸಿಲಿಂಡರ್ ಗಾಳಿ. ನಾನೂ ಬರ್ತೀನಿ. ವಾಪಸ್ ಬಂದು ನಿನ್ನ ಕಾಲು ಈ ದಕ್ಕೆ ಹಲಗೆ ಮೇಲೆ ಬಿತ್ತೋ, ಮುಗೀತು. ಆ ಮುಳುಗೋ ರಬ್ಬರ್ ಅಂಗಿ ಬಿಚ್ಚಿ ನನ್ನ ಕೈಗೆ ಕೊಡಬೇಕು. ಒಪ್ಪಿಗೇನಾ?"

"ಒಪ್ಪಿಗೆ."

"ಯಾವ ಕಿವೀಲಿ ಕೇಳಿಸ್ಕೊಂಡೆ?"

"ಒಳ್ಳೇದ್ರಲ್ಲಿ."

ಶನಿವಾರ ಬೆಳಿಗ್ಗೆ ನದಿಯ ತಿರುವಿನಲ್ಲಿ ಅವನಿಗೆ ಇಷ್ಟವಾದ ಗರಸಿನ ಹಾಸಿನ ಮೇಲೆ ಲಂಗರು ಹಾಕಿದೆವು. ಮೂವತ್ತೈದು ಅಡಿ ಆಳ. ನೀರು ಕಡು ಚಹಾ. ಹತ್ತಡಿ ಇಳಿದರೆ ಕಣ್ಣು ಇದ್ದರೂ ಒಂದೇ, ಮನೆಯಲ್ಲಿ ಬಿಟ್ಟು ಬಂದಿದ್ದರೂ ಒಂದೇ. ಟಾರ್ಚು ಒಂದು ಗೇಣು ದೂರ ತೋರಿಸಿದರೆ ಪುಣ್ಯ. ಒಂದು ಕೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರನ್ನು ತಳದ ಜೇಡಿಗೆ ಚುಚ್ಚಿ, ಸೆಳೆತಕ್ಕೆ ಕೊಚ್ಚಿಹೋಗದ ಹಾಗೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಗರಸು ತಡವುತ್ತಾ ಹೋಗಬೇಕು. ಬೆರಳಿಗೆ ತ್ರಿಕೋನ ಸಿಕ್ಕರೆ ಸೊಂಟದ ಬಲೆಚೀಲಕ್ಕೆ. ಹೀಗೆ ಇಪ್ಪತ್ತಾರು ವರ್ಷ ಮಾಡಿದವನಿಗೆ ನೋಡುವುದೆಂದರೆ ಮುಟ್ಟುವುದು. ಫರ್ಮನ್ ಹಗಲು ಬೆಳಕಿನಲ್ಲೂ ಅಂಗಡಿಯ ಟೊಮೇಟೊವನ್ನು ಕಣ್ಣು ಮುಚ್ಚಿಕೊಂಡೇ ಆರಿಸುತ್ತಾನೆ.

ಮೊದಲ ಸಿಲಿಂಡರಿಗೆ ಎರಡಿಂಚಿನವು ಒಂದಿಪ್ಪತ್ತು, ನಾಲ್ಕಿಂಚಿನದು ಒಂದು, ತಿಮಿಂಗಿಲದ ಕಿವಿಮೂಳೆ ಒಂದು ಬಂದವು. "ತಗೋ, ಹೊಸ ಕಿವಿ ಸಿಕ್ತು. ಆಪರೇಷನ್ ಬೇಡ" ಅಂದೆ. ಅವನು ನಗಲಿಲ್ಲ. ಎರಡನೇ ಸಲ ಇಳಿದಾಗ ಮಾರ್ವೆಲ್ ಗುಳ್ಳೆಗಳನ್ನೇ ನೋಡುತ್ತಾ ಕುಳಿತಳು. ಗಂಡನನ್ನು ಹಂಗಿಸುವುದಕ್ಕೇ ಬಂದಿದ್ದವಳು ಐವತ್ತು ನಿಮಿಷ ಒಂದು ಶೇಂಗಾವನ್ನೂ ಬಾಯಿಗೆ ಹಾಕಲಿಲ್ಲ.

ಗಾಳಿ ಮುಗಿಸಿ ಮೇಲೆ ಬಂದವನು ದೋಣಿಯ ಅಂಚು ಹಿಡಿದು ತೇಲುತ್ತಾ ಮೇಲಕ್ಕೆ ನೋಡಿದ.

"ಏನಾಯ್ತು?" ಅಂದಳು ಮಾರ್ವೆಲ್.

"ಚೂರುಗಳು."

"ಬರೀ ಚೂರಾ?"

"ಬರೀ ಚೂರು."

ಲಂಗರೆತ್ತಿ ದಕ್ಕೆ ಹತ್ತಿರ ಬಂದಾಗ ಸಮುದ್ರದ ಇಳಿತಕ್ಕೆ ನದಿಯೂ ತಗ್ಗಿ ತಳ ಮುಟ್ಟುತ್ತಾ ಬಂದಿತ್ತು. ಕಂಬಗಳ ಬುಡದಲ್ಲಿ ನೀರು ಎದೆಮಟ್ಟಕ್ಕಿಂತ ಹೆಚ್ಚಿಲ್ಲ.

ಇಲ್ಲಿ ಅವನದೊಂದು ಪದ್ಧತಿ ಇದೆ. ಮುರಿದ ಹಲ್ಲನ್ನು ಅವನು ಮನೆಗೆ ಒಯ್ಯುವುದಿಲ್ಲ. ಸಿಕ್ಕಲ್ಲೇ ಬಿಟ್ಟರೆ ಮತ್ತೆ ಮತ್ತೆ ಅದೇ ಕೈಗೆ ಬರುತ್ತದೆ ಅಂತ ಅಲ್ಲೂ ಬಿಡುವುದಿಲ್ಲ. ದಕ್ಕೆಗೆ ತಂದು, ಕಾಲು ಕೆಳಗಿಡುವ ಮೊದಲು, ಒಂದೊಂದನ್ನೇ ಬೆರಳಿನಿಂದ ತಡವಿ, "ಹೋಗು, ಬೆಳೆದು ಬಾ" ಅಂತ ಕಂಬಗಳ ಬುಡಕ್ಕೆ ಎಸೆಯುತ್ತಾನೆ. ಅವನನ್ನು ನೋಡಿ ನದಿಯವರೆಲ್ಲ ಹಾಗೇ ಮಾಡುತ್ತಾರೆ.

ಅವತ್ತೂ ದೋಣಿಯ ಅಂಚಿನಲ್ಲಿ ಕೂತು ಶುರು ಮಾಡಿದ. ಕಣ್ಣು ಮುಚ್ಚಿತ್ತು. "ಹೋಗು, ಬೆಳೆದು ಬಾ." ಡುಬುಕ್. "ಹೋಗು, ಬೆಳೆದು ಬಾ." ಡುಬುಕ್. ಕೊನೆಯದು ಅಂಗೈ ತುಂಬುವಷ್ಟು ದೊಡ್ಡ ಚೂರು. ಅದನ್ನೂ ಎಸೆದ. ಅದು ಬಿಸಿಲಿನಲ್ಲಿ ಒಂದು ಸುತ್ತು ತಿರುಗಿತು. ಕಪ್ಪು ಮೈ, ಅಡ್ಡಕ್ಕೆ ಜೇನು ಸುರಿದ ಹಾಗೆ ಒಂದು ಗೆರೆ.

ನಾನು ಕೂಗಿದ್ದು ಅದು ನೀರಿಗೆ ಬಿದ್ದ ಮೇಲೆ.

ಒಂಬತ್ತು ವರ್ಷದ ಹಿಂದೆ ಅದೇ ಗರಸಿನ ಹಾಸಿನಿಂದ ಫರ್ಮನ್ ಒಂದು ಅರ್ಧ ಹಲ್ಲು ತಂದಿದ್ದ. ಅವತ್ತು ಅವನು ಮುನಿಸಿಕೊಂಡ ರೀತಿ ಎಂಥದ್ದೆಂದರೆ, ಪ್ರತಿ ಕ್ರಿಸ್‌ಮಸ್ ಊಟಕ್ಕೂ ಜನ ನನ್ನಿಂದ ಅದನ್ನು ಮಾಡಿಸುತ್ತಾರೆ. ಕೆಳತುಟಿ ಮುಂದೆ ಮಾಡಿ, ಮೂಗಿನಲ್ಲಿ ಹೇಳಬೇಕು: "ಕಪ್ಪು ಮೈ, ಅಡ್ಡಕ್ಕೆ ಜೇನು ಸುರಿದ ಹಾಗೆ ಗೆರೆ... ಇನ್ನರ್ಧ ಇದ್ದಿದ್ರೆ ಆರಿಂಚು ಕಣೇ ಮಾರ್ವೆಲ್, ಆರಿಂಚು!" ಆಮೇಲೆ ಎಸೆಯುವ ಅಭಿನಯ. ಅವತ್ತೂ ಅವನು ಅದನ್ನು ಎಸೆದದ್ದು ಇಲ್ಲಿಗೇ, ಇದೇ ಕಂಬಗಳ ಬುಡಕ್ಕೆ.

ಈಗ ದೋಣಿಯಲ್ಲಿ ನಿಂತು ನಾನು ಕೆಳತುಟಿ ಮುಂದೆ ಮಾಡಿ ಮೂಗಿನಲ್ಲಿ ಅದನ್ನೇ ಹೇಳಿದೆ. "ಕಪ್ಪು ಮೈ... ಜೇನು ಸುರಿದ ಹಾಗೆ..."

"ಏ ಕಾಲೇಜು, ಇದು ಸಮಯಾನಾ?" ಅಂತ ಮಾರ್ವೆಲ್ ರೇಗಿದಳು.

ಫರ್ಮನ್ ರೇಗಲಿಲ್ಲ. ಕಣ್ಣು ತೆರೆದ. "ಈಗ ಎಸೆದದ್ದಾ?"

"ಈಗ ಎಸೆದದ್ದೇ. ನೀನು ಮುಟ್ಟಿ ನೋಡಿದೆ, ನಾನು ನೋಡಿ ನೋಡಿದೆ. ಗೆರೆ ಬೆರಳಿಗೆ ಸಿಗಲ್ಲ ಮಾರಾಯಾ!"

ಅವನು ದಕ್ಕೆಯ ಹಲಗೆ ಕಡೆ ನೋಡಿದ, ಹೆಂಡತಿ ಕಡೆ ನೋಡಿದ. "ಮಾರ್ವೆಲ್, ನನ್ನ ಕಾಲು ಇನ್ನೂ ಹಲಗೆ ಮುಟ್ಟಿಲ್ಲ."

"ಮುಟ್ಟಿಲ್ಲ" ಅಂದಳು ಅವಳು. "ಇಳಿ, ಬೇಗ. ನೀರು ತಿರುಗತ್ತೆ."

ಅವನು ದೋಣಿಯ ಅಂಚಿನಿಂದಲೇ ಕೆಳಕ್ಕೆ ಜಾರಿದ. ಕಂಬಗಳ ಬುಡದಲ್ಲಿ ಕೆಸರು, ಸಿಂಪಿಚಿಪ್ಪು, ಊರಿಗೆ ಊರೇ ಎಸೆದ ಮುರುಕು ಹಲ್ಲುಗಳ ರಾಶಿ. ಅದರಲ್ಲಿ ಒಂದಲ್ಲ, ಎರಡು ಹುಡುಕಬೇಕು. ಕೈಯಾರೆ ಎತ್ತಬೇಕೆಂಬ ನಿಯಮ ಇರುವುದರಿಂದ ನಾವ್ಯಾರೂ ಇಳಿಯುವಂತಿಲ್ಲ. ಉಬ್ಬರ ಎರಡು ಗಂಟೆಯೊಳಗೆ ಅವನ ತಲೆ ದಾಟುತ್ತದೆ. ಸಿಲಿಂಡರು ಎರಡೂ ಖಾಲಿ.

ಇಳಿಯಲಾಗದಿದ್ದರೂ ಬಾಯಿ ಹಾಕಬಹುದಲ್ಲ. ಕೂಗಾಟ ಕೇಳಿ ಮಿಸ್ ಯೂಲಲೀ ಅಂಗಡಿಯಿಂದ ಹೊರಗೆ ಬಂದಳು. ಎಂಬತ್ತರ ಹೆಂಗಸು. ಮಾತಾಡಿದರೆ ಮುಚ್ಚಳ ಸಡಿಲಾದ ಹಾರ್ಮೋನಿಯಂ.

"ಫರ್ಮನ್, ಅಲ್ಲಿ ನನ್ನ ಕೈಗಡಿಯಾರ ಬಿದ್ದು ಹನ್ನೆರಡು ವರ್ಷ ಆಯ್ತು, ಸಿಕ್ರೆ ಕೊಡಪ್ಪಾ."

"ಆಗಲಿ ಮಿಸ್ ಯೂಲಲೀ."

"ಸ್ವಲ್ಪ ಎಡಕ್ಕೆ!" ಅಂದಳು ಮಾರ್ವೆಲ್.

"ಯಾರ ಎಡಕ್ಕೆ?"

"ಮದುವೆಯಾಗಿ ನಲವತ್ತನಾಲ್ಕು ವರ್ಷ ಆಯ್ತು, ಇನ್ನೂ ಗೊತ್ತಿಲ್ವಾ? ನನ್ನ ಎಡಕ್ಕೆ!"

ಮೊದಲು ಪಾದದಿಂದ ತಡವಿ, ಆಮೇಲೆ ಉಸಿರು ಕಟ್ಟಿ ಮುಳುಗಿ ಎತ್ತುತ್ತಿದ್ದ. ಮುಕ್ಕಾಲು ಗಂಟೆಗೆ ಒಂದು ಸಿಕ್ಕಿತು. ಗೆರೆ ಇತ್ತು. ಇವತ್ತು ಎಸೆದದ್ದು. ಅದನ್ನು ಎಡಗೈಯಲ್ಲಿ ಬಿಗಿ ಹಿಡಿದು ಬಲಗೈಯಲ್ಲಿ ಹುಡುಕಾಟ ಮುಂದುವರಿಸಿದ. ನೀರು ಎದೆಯಿಂದ ಕುತ್ತಿಗೆಗೆ ಬಂತು. ಕೆಳಗಿನಿಂದ ಎತ್ತಿದ ದೊಡ್ಡ ಚೂರನ್ನೆಲ್ಲ ನಮಗೆ ತೋರಿಸುವನು, ನಾವು "ಅಲ್ಲ" ಅನ್ನುವೆವು. ಹತ್ತಾರು ಸಲ "ಅಲ್ಲ" ಆದ ಮೇಲೆ ತೋರಿಸುವುದನ್ನು ನಿಲ್ಲಿಸಿದ. ಕಣ್ಣು ಮುಚ್ಚಿದ. ಎಡಗೈಯ ಅರ್ಧದ ಮುರಿದ ಅಂಚಿಗೆ ಬಲಗೈಗೆ ಸಿಕ್ಕಿದ್ದನ್ನು ನೀರೊಳಗೇ ಒತ್ತಿ ನೋಡತೊಡಗಿದ. ಸೇರದಿದ್ದರೆ ಬಿಡುವನು, ಮುಳುಗುವನು, ಮತ್ತೊಂದನ್ನು ಒತ್ತುವನು.

ಗಲ್ಲ ಮುಟ್ಟುವಷ್ಟು ನೀರು ಬಂದಾಗ ಮಾರ್ವೆಲ್ ಎದ್ದು ನಿಂತಳು. "ಸಾಕು ಫರ್ಮನ್. ಬಾ."

ಅವನ ಮುಖ ಮಾತ್ರ ನೀರ ಮೇಲೆ ತಟ್ಟೆಯ ಹಾಗೆ ಕಾಣುತ್ತಿತ್ತು. ಆ ಮುಖ ಮೆಲ್ಲಗೆ ಸಡಿಲವಾಯಿತು. ನಿದ್ದೆ ಬಂದ ಮಗುವಿನ ಮುಖ ಹಾಗಾಗುವುದನ್ನು ನೋಡಿದ್ದೇನೆ. ಎಷ್ಟೋ ಜನರ ಮುಖ ನಾನು ಮಾಡಿ ತೋರಿಸಬಲ್ಲೆ, ಅದೊಂದು ಇವತ್ತಿಗೂ ನನಗೆ ಬಂದಿಲ್ಲ.

"ಕೂತ್ಕೊಳ್ತು" ಅಂದ.

"ಏನು?"

"ಕೂತ್ಕೊಳ್ತು ಕಣೇ. ಟಿಕ್ ಅಂತ."

ಮೊಣಕೈ ಊರಿಕೊಂಡು ಏಣಿ ಹತ್ತಿ ಬಂದು, ಎರಡು ಕೈಗಳ ನಡುವೆ ಒತ್ತಿ ಹಿಡಿದದ್ದನ್ನು ಬಿಡದೆ, ಒದ್ದೆ ಕಾಲನ್ನು ದಕ್ಕೆಯ ಹಲಗೆಯ ಮೇಲಿಟ್ಟ. ನದಿಯಲ್ಲೆಲ್ಲ ಹುಡುಕಿದ್ದು ಕೊನೆಗೆ ದಕ್ಕಿದ್ದು ದಕ್ಕೆಯಲ್ಲಿ. ಇದನ್ನು ಹೇಳದೆ ಇರಲು ನನಗೆ ಆಗಲಿಲ್ಲ, ಯಾರೂ ಕೇಳಿಸಿಕೊಳ್ಳಲಿಲ್ಲ.

ಮಿಸ್ ಯೂಲಲೀ ಗಲ್ಲೆಯ ಮೇಲೆ ಟವೆಲು ಹಾಸಿ, ಎರಡು ಅರ್ಧಗಳನ್ನು ಹೆಬ್ಬೆರಳುಗಳಿಂದ ಒತ್ತಿ ಸೇರಿಸಿದಳು. ಜೇನಿನ ಗೆರೆ ಎಲ್ಲೂ ತುಂಡಾಗದೆ ಈ ಕಡೆಯಿಂದ ಆ ಕಡೆಗೆ ಹರಿಯಿತು. ಅಳೆದಳು. ಕನ್ನಡಕ ಒರೆಸಿ ಮತ್ತೆ ಅಳೆದಳು.

"ಆರಿಂಚು. ಮೇಲೆ ಒಂದು ಕೂದಲೆಳೆ." ತಲೆಯೆತ್ತಿದಳು. "ಆದರೆ ಮುರಿದದ್ದು, ಫರ್ಮನ್. ಹಲಗೆ ಮೇಲಿರೋ ಏಳೂ ಇಡೀ ಹಲ್ಲು."

ನನ್ನ ಬಾಯಲ್ಲಿ ವಾದ ಸಿದ್ಧವಾಗಿತ್ತು. ಫರ್ಮನ್ ನನ್ನ ತೋಳು ಹಿಡಿದ.

"ಮುರಿದದ್ದೇ ಮಿಸ್ ಯೂಲಲೀ. ಹೌದು." ರಬ್ಬರ್ ಅಂಗಿ ಬಿಚ್ಚಿ ಮಾರ್ವೆಲ್ ಕೈಗೆ ಕೊಟ್ಟ. "ಸೇರಿದ್ದು ನನ್ನ ಬೆರಳಿಗೆ ಗೊತ್ತಾಯ್ತಲ್ಲ. ನನಗೆ ಅಷ್ಟೇ ಸಾಕು." ಗಲ್ಲೆಯ ಮೇಲಿನ ಪಾತ್ರೆಯಿಂದ ಬಿಸಿ ಶೇಂಗಾ ಎತ್ತಿಕೊಂಡು, ಇದ್ದ ಒಂಬತ್ತು ಹಲ್ಲಿನಲ್ಲಿ ಅಗಿಯುತ್ತಾ ಕೂತ. ಸಾಕು ಅಂದದ್ದು ಸುಳ್ಳಲ್ಲ. ಆದರೂ ಕಣ್ಣು ಒಂದು ಸಲ ಹಲಗೆಯ ಕಡೆ ಹೋಗಿ ಬಂತು.

ಮಿಸ್ ಯೂಲಲೀ ಅದನ್ನು ನೋಡಿದಳು.

"ನೀನು ಅದಕ್ಕೆ ಏನು ಹೇಳಿ ಎಸೆದೆ?" ಎಂದು ಕೇಳಿದಳು.

"ಹೋಗು, ಬೆಳೆದು ಬಾ ಅಂತ."

"ಹೂಂ. ಹೋಯ್ತು, ಬೆಳೀತು, ಬಂತು." ಒಲೆ ಹಚ್ಚಿ ಸರಳನ್ನು ಬೆಂಕಿಗೆ ಇಟ್ಟಳು. "ಹಲಗೆ ಇಳಿಸು, ಕಾಲೇಜು."

ಒಂದು ಚಂಡಮಾರುತದ ವರ್ಷ ಆ ಹಲಗೆ ಗೋಡೆಯಿಂದ ಬಿದ್ದು, ಕೆಳಭಾಗದಲ್ಲಿ ಉದ್ದಕ್ಕೆ ಸೀಳಿತ್ತು. ಆ ಸೀಳಿನ ಮೇಲೆ ತಮ್ಮ ಹೆಸರು ಬರುವುದು ಯಾರಿಗೂ ಬೇಡವಾಗಿ ಅಷ್ಟು ಜಾಗ ಖಾಲಿ ಬಿದ್ದಿತ್ತು. ಮಿಸ್ ಯೂಲಲೀ ಸೀಳಿನ ಈಚೆ 'ಫರ್' ಅಂತ ಸುಟ್ಟಳು, ಆಚೆ 'ಮನ್' ಅಂತ ಸುಟ್ಟಳು. ಅಂಗಡಿಯೆಲ್ಲ ಮರದ ಹೊಗೆಯ ವಾಸನೆ.

"ನನ್ನ ಹೆಸರು ಇಡೀದಾಗಿದೆ" ಅಂದಳು ಮಾರ್ವೆಲ್, ಒದ್ದೆ ರಬ್ಬರ್ ಅಂಗಿಯನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು.

"ಇರಲಿ ಬಿಡು" ಅಂದ ಫರ್ಮನ್, ಇನ್ನೂ ಬಿಸಿಯಿದ್ದ ಅಕ್ಷರಗಳ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸುತ್ತಾ. "ಇದನ್ನ ಕತ್ತಲಲ್ಲೂ ಕಂಡುಹಿಡೀಬಹುದು."