ಕುಬಸಕ್ಕೆ ಹೋದ ಕಾರು

ನಮ್ಮವರಿಗೆ ಕಾರಿನ ಹುಚ್ಚು ಹಿಡಿದದ್ದು ಎಪ್ಪತ್ನಾಲ್ಕರಲ್ಲಿ. ಓಡಿಸುವ ಹುಚ್ಚಾಗಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ. ಅವರಿಗೆ ಹಿಡಿದದ್ದು ಕಾರನ್ನು ಓಡಿಸದೆ ಇಡುವ ಹುಚ್ಚು.

ಧಾರವಾಡದಲ್ಲಿ ಹೀರಾಬಾಯಿ ಎಂಬ ಡಾಕ್ಟರರ ಹೆಂಡತಿ ಇದ್ದರು. ಅವರ ಯಜಮಾನರು ವಿಲಾಯತಿಯ ಮಾರಿಸ್ ಕಾರೊಂದನ್ನು ಹೊಸದಾಗಿ ಕೊಂಡು, ಅದರಲ್ಲಿ ಮನದಣಿಯೆ ತಿರುಗುವ ಮೊದಲೇ ತೀರಿಕೊಂಡಿದ್ದರು. ಬಾಯಿಯವರು ಇಪ್ಪತ್ತು ವರ್ಷ ಅದಕ್ಕೆ ಹೊದಿಕೆ ಹೊದಿಸಿ ಇಟ್ಟಿದ್ದರು. ವಾರಕ್ಕೊಮ್ಮೆ ಎಂಜಿನ್ ಚಾಲೂ ಮಾಡಿಸುವುದು, ಸ್ವಲ್ಪ ಹೊತ್ತು ಗುರುಗುಟ್ಟಿಸುವುದು, ಮತ್ತೆ ಹೊದಿಸುವುದು. ಹತ್ತಿ ಮಾರಲು ಹುಬ್ಬಳ್ಳಿಗೆ ಹೋಗಿದ್ದ ನಮ್ಮವರು ಯಾರದೋ ಮಾತು ಕೇಳಿ ಧಾರವಾಡಕ್ಕೆ ಹೋಗಿ ಆ ಕಾರಿನ ಮೀಟರ್ ನೋಡಿದರು. ಮೂರು ಸಾವಿರದ ನಾನೂರ ಹನ್ನೆರಡು ಮೈಲಿ. ಮುಗಿಯಿತು. ಕನ್ಯೆ ನೋಡಲು ನಮ್ಮ ಮನೆಗೆ ಬಂದಾಗ ಕೂಡ ಈ ಮನುಷ್ಯ ನನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ.

"ನಮ್ಮ ಯಜಮಾನರ ನಸೀಬದಾಗ ಓಡಸೂದು ಇರಲಿಲ್ಲ. ನೀವರ ಓಡಸ್ರಿ," ಎಂದು ಹೀರಾಬಾಯಿ ಕೀಲಿಕೈ ಕೊಟ್ಟರಂತೆ.

ನಮ್ಮವರು ಹೂಂ ಎಂದು ಗೋಣು ಹಾಕಿದರು. ಗೋಣು ಹಾಕಿದವರು, ಹತ್ತಿ ಇಳಿಸಿ ಖಾಲಿ ಹೊರಟಿದ್ದ ಲಾರಿಯೊಂದನ್ನು ಹಿಡಿದು, ಅದರ ಮೇಲೆ ಕಾರನ್ನು ಹೇರಿಸಿಕೊಂಡು ನವಲಗುಂದಕ್ಕೆ ಬಂದರು. ಓಡಿಸಿಕೊಂಡು ಬಂದರೆ ಮೈಲಿ ಏರುತ್ತದಲ್ಲ. ಕೆಟ್ಟು ನಿಂತ ಕಾರು ಗಂಟುಬಿತ್ತೆಂದು ಓಣಿಯವರು ಮರುಕಪಟ್ಟರು.

ಎತ್ತುಗಳು ಚಪ್ಪರದ ಕೆಳಗೆ ಹೋದವು, ಅವುಗಳ ಜಾಗಕ್ಕೆ ಕಾರು ಬಂತು. ಮದುವೆಯಲ್ಲಿ ಬೀಗರಿಗೆಂದು ಹಾಸುತ್ತಿದ್ದ ಜಮಖಾನ ಸೀಟಿನ ಮೇಲೆ ಬಿತ್ತು. ಮೀಟರಿನ ಮೇಲೆ ಧೂಳು ಕೂರಬಾರದೆಂದು ನನ್ನ ಪೆಟ್ಟಿಗೆಯಿಂದ ಕುಪ್ಪಸಕ್ಕೆಂದು ಇಟ್ಟಿದ್ದ ಗುಳೇದಗುಡ್ಡದ ಹೊಸ ಖಣವೊಂದು ಹೋಯಿತು. ನನ್ನನ್ನು ಕೇಳಿದರೇ? ಕೇಳಲಿಲ್ಲ. ಮನೆಗೆ ಯಾರೇ ಬರಲಿ, ಮೊದಲು ಚಹಾ, ಆಮೇಲೆ ಮೀಟರಿನ ದರ್ಶನ. ದೇವರ ಪರದೆ ಸರಿಸಿದ ಹಾಗೆ ಖಣ ಎತ್ತಿ, "ಎಷ್ಟೈತಿ ಓದ್ರಿ," ಎನ್ನುವರು. ಬಂದವರು ಓದಿ, ಬಾಯಿ ತೆರೆದು, ಹೊಗಳಬೇಕು. ವಾರಕ್ಕೊಮ್ಮೆ ಹೀರಾಬಾಯಿಯವರ ಹಾಗೆಯೇ ಎಂಜಿನ್ ಗುರುಗುಟ್ಟಿಸುವರು. ಸಂಜೆ ಒಬ್ಬರೇ ಕಾರಿನೊಳಗೆ ಕುಳಿತು, ಎದುರಿನ ಮಣ್ಣಿನ ಗೋಡೆ ನೋಡುತ್ತ ಚಹಾ ಕುಡಿಯುವರು. ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೂ ಬೇಡ ಎಂದು ನಾನು ಅಂದದ್ದುಂಟು. ಅವರಿಗೆ ಕೇಳಿಸಲಿಲ್ಲ, ಕಿಟಕಿಯ ಗಾಜು ಏರಿಸಿದ್ದರು.

ಇದೆಲ್ಲ ನಮ್ಮ ಮನೆಯೊಳಗಿನ ಹುಚ್ಚು ಎಂದು ನಾನು ಸುಮ್ಮನಿರುತ್ತಿದ್ದೆ. ಆದರೆ ಪೆಟ್ಟು ಬಿದ್ದದ್ದು ಶಲವಡಿಯಲ್ಲಿ, ಮಗಳು ರೇವವ್ವನಿಗೆ. ಅವಳನ್ನು ಅಲ್ಲಿಗೆ ಕೊಟ್ಟು ವರ್ಷವಾಗಿತ್ತು. ತವರಿಗೆ ಕಾರು ಬಂದ ಸುದ್ದಿ ಕೇಳಿದವಳೇ ಅತ್ತೆ ಸಾವಿತ್ರೆವ್ವನ ಮುಂದೆ, "ಇನ್ನ ನಮ್ಮಪ್ಪ ನನ್ನ ಕರಿಯಾಕ ಕಾರಿನ್ಯಾಗ ಬರ್ತಾನ," ಎಂದು ಹೇಳಿಕೊಂಡುಬಿಟ್ಟಿದ್ದಳು. ಪಂಚಮಿಗೆ ನಮ್ಮವರು ಬಸ್ಸಿನಲ್ಲಿ ಹೋಗಿ ಕರೆತಂದರು. ಕಾರು ಯಾಕಿಲ್ಲ ಎಂದರೆ ಕೆಸರು ಎಂದರು. ದೀಪಾವಳಿಗೆ ಚಕ್ಕಡಿ ಹೂಡಿಕೊಂಡು ಹೋದರು. ಟಾಯರು ಎಂದರು. ಬಂದ ಮಗಳು ಒಲೆಯ ಮುಂದೆ ನನ್ನ ಬಾಜು ಕುಳಿತು ಅತ್ತಳು.

"ಯವ್ವಾ, ನಮ್ಮತ್ತಿ ನನ್ನ ಸುಳ್ಳಿ ಅಂತಾಳ. ನೀರಿಗೆ ಬಂದ ಹೆಣ್ಮಕ್ಕಳ ಮುಂದ ಅಂತಾಳ. ನಿಮ್ಮಪ್ಪನ ಕಾರು ಕ್ಯಾಲೆಂಡರಿನ್ಯಾಗ ಐತೇನ ಅಂತ ಕೇಳ್ತಾಳ. ಕುಬಸಕ್ಕರ ಕಾರು ಬರಬೇಕವ್ವ. ಬರಲಿಲ್ಲಂದ್ರ ಆ ಮನ್ಯಾಗ ನನ್ನ ಮಾತು ಇನ್ನ ಯಾರು ನಂಬತಾರ?"

ಮೊದಲ ಬಸುರಿನ ಹುಡುಗಿ. ಏಳನೆಯ ತಿಂಗಳಲ್ಲಿ ನಾವು ಸೀರೆ-ಖಣ, ಬುತ್ತಿ ಒಯ್ದು, ಬೀಗರ ಮನೆಯಲ್ಲಿ ಕುಬಸ ಮಾಡಿ, ಬಾಣಂತನಕ್ಕೆ ಕರೆತರಬೇಕು. ಆ ದಿನ ಊರೇ ನೋಡುತ್ತದೆ. ಅದಕ್ಕೂ ಕಾರು ಬರದಿದ್ದರೆ ನನ್ನ ಮಗಳು ಆಯುಷ್ಯವಿಡೀ ಸುಳ್ಳಿ.

ಕುಬಸದ ದಿನ ಗೊತ್ತಾದಾಗ ನಮ್ಮವರಿಗೆ ನೆಟ್ಟಗೆ ಹೇಳಿದೆ. "ಈ ಸಲ ಕಾರು ಹೋಗಬೇಕ್ರಿ. ಹೋಗಲಿಲ್ಲಂದ್ರ ನಾನೂ ಹೋಗೂದಿಲ್ಲ, ಬುತ್ತಿನೂ ಹೋಗೂದಿಲ್ಲ."

ಪಾಪ, ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮಗಳ ಮೇಲೆ ಜೀವ ಇಲ್ಲವೆಂದಲ್ಲ. ಅತ್ತ ಮಗಳು, ಇತ್ತ ಮೀಟರು, ನಡುವೆ ಸಿಕ್ಕಿಬಿದ್ದಿದ್ದರು. ಮೂರನೆಯ ದಿನ ಪಡಸಾಲೆಯಲ್ಲಿ ನಿಂತು, ಗೋಡೆಯ ಮೇಲಿನ ವಿದ್ಯುತ್ ಮೀಟರನ್ನೇ ದಿಟ್ಟಿಸುತ್ತಿದ್ದವರು ಒಮ್ಮೆಲೇ ಅರಳಿದರು. ನಮ್ಮ ಮನೆಗೆ ಕರೆಂಟು ಬಂದು ಬಹಳ ದಿನವಾಗಿರಲಿಲ್ಲ. ದೀಪ ಆರಿಸಿದರೆ ಅದರೊಳಗಿನ ಚಕ್ರ ನಿಲ್ಲುವುದನ್ನು ನೋಡುವುದು ಅವರಿಗೊಂದು ಆಟವಾಗಿತ್ತು.

"ಶಿವಗಂಗವ್ವ, ಬಾ ಇಲ್ಲೆ. ಸ್ವಿಚ್ ಬಂದ್ ಮಾಡಿದ್ರ ಈ ಮೀಟರ್ ನಿಂದರ್ತೈತಿಲ್ಲೊ? ಕಾರಿಂದೂ ಹಂಗ. ಎಂಜಿನ್ ಬಂದ್ ಇಟ್ಟು ಮುಂದ ಎತ್ತು ಹೂಡಿದ್ರ ಕಾರು ಹೋಕ್ಕೈತಿ, ಮೀಟರ್ ಹೋಗೂದಿಲ್ಲ."

"ಎತ್ತು ಹೂಡಿದ್ದಕ್ಕ ಚಕ್ಕಡಿ ಅಂತಾರ್ರಿ," ಎಂದೆ.

"ಹೆಣ್ಮಕ್ಕಳಿಗೆ ಯಂತ್ರ ತಿಳಿಯೂದಿಲ್ಲ."

ನನಗೆ ಯಂತ್ರ ತಿಳಿಯುತ್ತಿರಲಿಲ್ಲ, ನಿಜ. ಶಲವಡಿಯ ಹೆಣ್ಣುಮಕ್ಕಳ ನಾಲಿಗೆ ಚೆನ್ನಾಗಿ ತಿಳಿಯುತ್ತಿತ್ತು. ಎತ್ತು ಎಳೆದ ಕಾರು ಬೀಗರ ಬಾಗಿಲಿಗೆ ಹೋಗಿ ನಿಂತರೆ, ಕಾರು ಬರದೆ ಇದ್ದದ್ದಕ್ಕಿಂತ ಹೆಚ್ಚು ನಗೆಪಾಟಲು. ಆದರೂ ಕಾರು ಮನೆಯ ಹೊರಗೆ ಬೀಳಲಿ, ಮುಂದಿನದು ದಾರಿಯಲ್ಲಿ ನೋಡಿಕೊಂಡರಾಯಿತು ಎಂದು ಒಪ್ಪಿಕೊಂಡೆ.

ಬೆಳಗಿನ ತಂಪಿನಲ್ಲಿ ಹೊರಟೆವು. ಕಾರಿನ ಮುಂದಿನ ಕಂಬಿಗೆ ಹಗ್ಗ, ಹಗ್ಗಕ್ಕೆ ನೊಗ, ನೊಗಕ್ಕೆ ನಮ್ಮ ಎರಡು ಬಿಳಿ ಎತ್ತು. ಎತ್ತಿನ ಬಾಜು ನಮ್ಮ ಆಳುಮಗ ಹುಲಿಗೆಪ್ಪ, ತಲೆ ತಗ್ಗಿಸಿಕೊಂಡು, ತಾನು ಯಾರೋ ದಾರಿಹೋಕ ಎಂಬಂತೆ ನಡೆಯುತ್ತಿದ್ದ. ನಮ್ಮವರು ಕೋಟು ತೊಟ್ಟು, ರುಮಾಲು ಸುತ್ತಿ, ಎರಡೂ ಕೈಯಲ್ಲಿ ಸ್ಟೇರಿಂಗು ಹಿಡಿದಿದ್ದರು. ಸೀಟಿಗೆ ಎಣ್ಣೆ ತಾಗೀತೆಂದು ಹೋಳಿಗೆ, ಕರ್ಚಿಕಾಯಿಯ ಬುಟ್ಟಿಗಳು ಸೀಟಿನ ಮೇಲಿಲ್ಲ, ಅವರ ಬಾಜು ಕುಳಿತ ನನ್ನ ತೊಡೆಯ ಮೇಲೆ.

ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದವರೆಲ್ಲ ಬದುವಿನ ಮೇಲೆ ಬಂದು ನಿಂತರು.

"ಮಡಿವಾಳೆಪ್ಪಣ್ಣಾರ, ಕಾರು ಕೆಟ್ಟೈತೇನ್ರಿ?" ಎಂದು ಒಬ್ಬ ಕೇಳಿದ.

"ಇಲ್ಲ, ಅಗದಿ ಚಲೋ ಐತಿ," ಎಂದರು ನಮ್ಮವರು.

ಕೆಟ್ಟಿದೆ ಎಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಇನ್ನೊಬ್ಬ ಮುದುಕ ಬಹಳ ಗಂಭೀರವಾಗಿ, "ಎತ್ತು ದಣದ್ರ ಒಳಗ ಕುಂದ್ರಸ್ರಿ, ನೀವು ಇಳದು ಜಗ್ರಿ," ಎಂದು ಬುದ್ಧಿ ಹೇಳಿದ. ನಾನು ಸೆರಗನ್ನು ಮೂಗಿನ ತನಕ ಎಳೆದುಕೊಂಡೆ.

ಊರು ದಾಟಿ ಸ್ವಲ್ಪ ದೂರ ಬಂದಿರಬಹುದು, ಮಳೆಗಾಲದ ಗಾಲಿಯ ಜಾಡು ಎರೆಮಣ್ಣಿನಲ್ಲಿ ಒಣಗಿ ಕಲ್ಲಾಗಿತ್ತು, ಕಾರು ಅದರಲ್ಲಿ ಧಡಕ್ ಎಂದು ಇಳಿದು ಎದ್ದಿತು. ಮೀಟರಿನ ಮೇಲಿನ ಖಣ ಜಾರಿತು. ನಮ್ಮವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹುಲಿಗ್ಯಾ, ಸಾವಕಾಶ ಹೊಡಿಯೋ," ಎನ್ನುತ್ತಿದ್ದರು. ನಾನು ನೋಡಿದೆ. ನಾನೂರ ಹನ್ನೆರಡು ಇದ್ದದ್ದು ಆಗಲೇ ಹದಿನಾಲ್ಕಾಗಿ, ಅದೂ ಮೆಲ್ಲಗೆ ಮೇಲೆ ಸರಿದು ಹದಿನೈದು ಬರುತ್ತಿತ್ತು.

ಹೇಳಬೇಕೆಂದು ಬಾಯಿಯವರೆಗೆ ಬಂತು. ಹೇಳಿದರೆ ಈ ಮನುಷ್ಯ ಅಲ್ಲೇ ಎತ್ತು ಹೊರಳಿಸುತ್ತಾರೆ, ಮಗಳು ಬಾಗಿಲಲ್ಲಿ ಕಾಯುತ್ತಾಳೆ. ಜಾರಿದ ಖಣವನ್ನು ಮತ್ತೆ ಮೀಟರಿಗೆ ಹೊದಿಸಿ ಸುಮ್ಮನೆ ಕುಳಿತೆ. ನಮ್ಮವರು ತಲೆ ಒಳಗೆ ತಂದು, "ನೋಡ್ದಿ? ಹೆಂಗ ಹೊಂಟೈತಿ, ಒಂದು ಹನಿ ಪೆಟ್ರೋಲ್ ಸುಟ್ಟಿಲ್ಲ, ಒಂದು ಮೈಲಿ ಖರ್ಚಿಲ್ಲ," ಎಂದರು. ಹೌದ್ರಿ ಎಂದೆ. ನಗು ತಡೆಯಲು ಕರ್ಚಿಕಾಯಿ ಬುಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

ಶಲವಡಿಯ ಹೊರಗೆ ಜಾಲಿಗಿಡಗಳ ಒಂದು ಗುಂಪಿದೆ. ಅಲ್ಲಿಂದ ಮುಂದೆ ಊರವರ ಕಣ್ಣು. ಅಲ್ಲಿ ನಿಲ್ಲಿಸಲು ಹೇಳಿ ಖಣ ಎತ್ತಿದೆ.

ನಮ್ಮವರು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

"ಎಂಜಿನ್ ಬಂದ್ ಇತ್ತಲ್ಲ," ಎಂದರು ಸಣ್ಣ ದನಿಯಲ್ಲಿ.

"ಗಾಲಿ ಬಂದ್ ಇದ್ದಿಲ್ಲಲ್ರಿ. ಗಾಲಿ ತಿರುಗಿದ್ರ ಅದು ತಿರಗತೈತಿ."

"ಯಾವಾಗ ನೋಡ್ದಿ ನೀ?"

"ನಮ್ಮೂರ ಹೊಲ ದಾಟೂದ್ರಾಗ."

"ಮತ್ತ ಹೇಳಲಿಲ್ಲ ಯಾಕ?"

"ಹೇಳಿದ್ರ ನೀವು ಅಲ್ಲೇ ಹೊಳ್ಳಸ್ತಿದ್ರಿ."

ಅವರು ಇಳಿದು ಹೋಗಿ ಬದುವಿನ ಮೇಲೆ ಕುಳಿತರು. ಹುಲಿಗೆಪ್ಪ ಮುಖ ಆಚೆ ತಿರುಗಿಸಿ ಎತ್ತಿನ ಬೆನ್ನು ತಟ್ಟುತ್ತ ನಿಂತ. ನನಗೂ ಕೆಡುಕೆನಿಸಿತು. ಎಷ್ಟೆಂದರೂ ಜೋಪಾನ ಮಾಡಿದ್ದ ವಸ್ತು. ಆದರೆ ಆ ಹೊತ್ತಿಗೆ ಕನಿಕರ ತೋರಿಸಿದರೆ ಕೆಲಸ ಕೆಡುತ್ತಿತ್ತು.

"ಹೋಗೂ ಮೈಲಿ ಹೋತು. ಇನ್ನ ಎತ್ತು ಹೂಡಿ ಏನ ಉಳಸ್ತೀರಿ? ನಿಮ್ಮ ಮಗಳಿಗೆ ಆ ಊರಾಗ ಸುಳ್ಳಿ ಅಂತಾರ್ರಿ. ದೀಪಾವಳಿಗೆ ಬಂದಾಗ ಒಲಿ ಮುಂದ ಕುಂತು ಅತ್ತಾಳ. ಅಡಿಕ್ಯಾಗ ಹೋದ ಮಾನ ಆನಿ ಕೊಟ್ರೂ ಬರೂದಿಲ್ಲ. ನಿಮ್ಮ ಹತ್ರ ಆನಿನೂ ಇಲ್ಲ."

"ಅತ್ಲೇನ?" ಎಂದು ಕೇಳಿದರು.

"ಅತ್ಲ್ರಿ."

ಎದ್ದು ಬಂದು, ಎತ್ತು ಬಿಚ್ಚು ಎಂದು ಹುಲಿಗೆಪ್ಪನಿಗೆ ಕೈಸನ್ನೆ ಮಾಡಿದರು. ಹ್ಯಾಂಡಲ್ ತಿರುವಿ ಎಂಜಿನ್ ಚಾಲೂ ಮಾಡಿದರು. ಹುಬ್ಬಳ್ಳಿಯಲ್ಲಿ ಯಾರದೋ ಟ್ಯಾಕ್ಸಿಯ ಮೇಲೆ ಕಲಿತ ವಿದ್ಯೆ, ಅದರ ಮೈಲಿ ಇವರದಲ್ಲವಲ್ಲ. ಹಾರ್ನ್ ಒತ್ತುತ್ತ ಶಲವಡಿ ಹೊಕ್ಕೆವು. ಮುಖ ಮಾತ್ರ ಔಷಧಿ ಕುಡಿದವರ ಮುಖ.

ಬೀಗರ ಬಾಗಿಲಲ್ಲಿ ಊರ ಅರ್ಧ ಜನ. ರೇವವ್ವ ಮಾಳಿಗೆಯ ಮೆಟ್ಟಿಲು ಇಳಿಯುತ್ತಿದ್ದಳು. ಏದುಸಿರು ಬಿಡುತ್ತ ಬಂದು ಅಪ್ಪನ ಕಾಲಿಗೆ ನಮಸ್ಕಾರ ಮಾಡಿದಳು. ಕುಬಸವಾಯಿತು, ಆರತಿಯಾಯಿತು, ಊಟವಾಯಿತು. ಸಾವಿತ್ರೆವ್ವ ನಡುನಡುವೆ ಹೊರಗೆ ಹೋಗಿ ಕಾರಿನ ದೀಪ ಮುಟ್ಟಿ ನೋಡಿ ಬರುತ್ತಿದ್ದಳು. ಕಡೆಗೆ ತಡೆಯದೆ ಕೇಳಿಯೇಬಿಟ್ಟಳು.

"ಬೀಗ್ರ, ನಾ ಹುಟ್ಟಿದಾಗಿಂದ ಕಾರಿನ್ಯಾಗ ಕುಂತಿಲ್ಲ. ಒಂದ ಸುತ್ತ ಕುಂದ್ರಸ್ತೀರೇನ್ರಿ?"

ಟಾಯರು ಎನ್ನುತ್ತಾರೆ ನೋಡು ಎಂದುಕೊಂಡೆ. ಹಸಿರು ಬಳೆ ತೊಟ್ಟ ರೇವವ್ವ ಹೊಸ್ತಿಲಲ್ಲಿ ನಿಂತು ಅಪ್ಪನನ್ನೇ ನೋಡುತ್ತಿದ್ದಳು. ನಮ್ಮವರು ಹೋಗಿ ಬಾಗಿಲು ತೆರೆದರು.

ಬೀಗತಿ ಮುಂದೆ, ನಾನು ಹಿಂದೆ. ಊರ ಗುಡಿ ದಾಟಿ ಹೊಲದ ದಾರಿಗೆ ಬಂದಾಗ ಸಾವಿತ್ರೆವ್ವನ ಅಂಜಿಕೆ ಹೋಗಿ ಬಾಯಿ ಬಂತು.

"ದಿನಾ ಹೊತ್ತ ಇಳಿಯೂ ಮುಂದ ಮಾಳಿಗಿ ಹತ್ತತಿದ್ಲ್ರಿ ನಿಮ್ಮ ಮಗಳು, ನವಲಗುಂದದ ದಾರಿ ನೋಡಾಕ. ಬಸರಿ ಹೆಣ್ಮಗಳು, ಇಳಿಯವ್ವ ಅಂದ್ರ ಕೇಳ್ತಿದ್ದಿಲ್ಲ. ಇವತ್ತ ನಾನೂ ಹತ್ತಿದ್ದೆ. ನೋಡ್ತೀನಿ, ದೂರ ಕಾರು ಬರಾಕ ಹತ್ತೈತಿ, ಮುಂದ ಎರಡು ಎತ್ತು. ಜಾಲಿಗಿಡದ ಹತ್ರ ಎತ್ತು ಬಿಚ್ಚಿದ್ದೂ ಕಂಡ್ತು. ನಗು ತಡಿಲಿಲ್ಲ ನನಗ."

ಆ ಜಾಲಿಗಿಡ ನಮ್ಮನ್ನು ಮರೆಮಾಡಿದೆ ಎಂದು ನಾನು ತಿಳಿದಿದ್ದೆ. ನಮ್ಮವರ ಕಿವಿ ಕೆಂಪಾದದ್ದು ಹಿಂದಿನಿಂದ ಕಾಣುತ್ತಿತ್ತು.

"ಆಮ್ಯಾಲ ರೇವಿ ಹೇಳಿದ್ಲು," ಎಂದು ಸಾವಿತ್ರೆವ್ವ ಮುಂದುವರಿಸಿದಳು. "ನಮ್ಮ ಮನಿತನದಾಗ ಬಸರಿ ಹೆಣ್ಮಗಳನ್ನ ಕರಿಯಾಕ ಹೊಂಟ ಗಾಡಿಗೆ ಮೊದಲ ಬಸವಣ್ಣನ ಹೆಗಲ ಹಚ್ಚಬೇಕು, ಊರ ಗಡಿ ತನಕ ಅವನ ಕರಕೊಂಡು ಬರಬೇಕು, ಅದು ನಮ್ಮ ಪದ್ಧತಿ, ನಗಬ್ಯಾಡ್ರಿ ಅತ್ತಿ, ಅಂದ್ಲು. ನಾ ಗಲ್ಲ ಗಲ್ಲ ಬಡಕೊಂಡೆ. ಇಷ್ಟ ದಿನ ಅಕಿನ್ನ ಸುಳ್ಳಿ ಅಂತಿದ್ದೆ, ಇನ್ನ ಅನ್ನೂದಿಲ್ಲ. ಐತೆಲ್ರಿ ಬೀಗ್ರ, ಆ ಪದ್ಧತಿ?"

ಕಾರು ನಿಧಾನವಾಯಿತು. ಖರೆ ಹೇಳಿ ಹೇಳಿ ಸುಳ್ಳಿ ಅನಿಸಿಕೊಂಡ ಹುಡುಗಿ, ಅಪ್ಪನ ಮರ್ಯಾದೆ ಉಳಿಸಲು ಇವತ್ತು ಮೊದಲ ಸಲ ಸುಳ್ಳು ಹೇಳಿದ್ದಳು. ನನ್ನ ಕಣ್ಣು ತುಂಬಿ ದಾರಿ ಕಾಣದಂತಾಯಿತು.

"ಐತ್ರಿ ಬೀಗ್ತೇರ," ಎಂದರು ನಮ್ಮವರು.

ಹೊರಡುವಾಗ ನನ್ನನ್ನು ಬುಟ್ಟಿಗಳ ಜೊತೆ ಹಿಂದೆ ಕೂರಿಸಿ, ಮಗಳನ್ನು ತಮ್ಮ ಬಾಜು ಕೂರಿಸಿಕೊಂಡರು. ಹುಲಿಗೆಪ್ಪ ಎತ್ತು ಹೊಡೆದುಕೊಂಡು ಮೊದಲೇ ಹೋಗಿದ್ದ. ದಾರಿ ಕವಲೊಡೆಯುವಲ್ಲಿ ಕಾರು ನಿಲ್ಲಿಸಿದರು. ಎಡಕ್ಕೆ ಹೋದರೆ ನಮ್ಮೂರು, ಬಲಕ್ಕೆ ಹೋದರೆ ಅಣ್ಣಿಗೇರಿ.

"ಯಾ ಕಡಿಂದ ಹೋಗೂಣವ್ವ?" ಎಂದು ಕೇಳಿದರು.

ರೇವವ್ವ ಅಪ್ಪನ ಮುಖ ನೋಡಿದಳು. "ಅಣ್ಣಿಗೇರಿ ಕಡಿಂದ ಹೋದ್ರ ಭಾಳ ಸುತ್ತ ಆಕ್ಕೈತಿ, ಯಪ್ಪಾ."

"ಸುತ್ತ ಎಷ್ಟ ಆಕ್ಕೈತಿ ಅಂತ ಕೇಳಿಲ್ಲ. ಯಾ ಕಡಿಂದ ಅಂತ ಕೇಳೇನಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಹಂಗಾರ ಅಣ್ಣಿಗೇರಿ ಕಡಿಂದ," ಎಂದಳು. ನಮ್ಮವರು ಬಲಕ್ಕೆ ತಿರುಗಿಸಿದರು.